ನೀರಿನ ಡಬ್ಬಿಯೂ ಪಕ್ಕದ ಸೀಟೂ

ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ. ಶಂಶಾಬಾದಿಗೆ ವಿಮಾನ ನಿಲ್ದಾಣ ಬಂತು, ನನ್ನ ನೌಕರಿಯೂ ಅಲ್ಲಿಗೇ ಹೋಯಿತು. ಮನೆ ಮಾತ್ರ ಸಿಕಂದರಾಬಾದಿನಲ್ಲೇ. ದಿನವೂ ಊರಿನ ಈ ತುದಿಯಿಂದ ಆ ತುದಿಗೆ ಓಡಾಡಿ ನನ್ನ ಹಳೆಯ ಕಾರು ಗಟಗಟ ಪೆಟ್ರೋಲು ಕುಡಿಯುತ್ತಿತ್ತು. ಆಗ ಇಂಟರ್‌ನೆಟ್ಟಿನಲ್ಲಿ ಒಂದು ಉಪಾಯ ಸಿಕ್ಕಿತು. ಡಬ್ಬಿಯಲ್ಲಿ ನೀರು, ಅದರೊಳಗೆ ಸ್ಟೀಲಿನ ತಗಡು. ಬ್ಯಾಟರಿಯ ಕರೆಂಟು ಹರಿಸಿದರೆ ನೀರು ಒಡೆದು ಜಲಜನಕ ಬರುತ್ತದೆ, ಅದನ್ನು ಇಂಜಿನ್ನಿಗೆ ಬಿಟ್ಟರೆ ಪೆಟ್ರೋಲು ಉಳಿಯುತ್ತದೆ. ಅಬ್ಬಾ, ಇಷ್ಟು ಸುಲಭದ್ದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಲೋಕದ ಮೇಲೆ ಮರುಕಪಟ್ಟೆ.

ಡಬ್ಬಿಯನ್ನು ನಾನೇ ಮಾಡಿ, ಡಿಕ್ಕಿಯಲ್ಲಿ ಕೂರಿಸಿ, ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಟೀಚರು. ಶಾಲೆ ನನ್ನ ದಾರಿಯಲ್ಲೇ ಇದ್ದುದರಿಂದ ದಿನಾ ನನ್ನ ಪಕ್ಕದ ಸೀಟಿನಲ್ಲೇ ಅವಳ ಪ್ರಯಾಣ.

“ಡಿಕ್ಕಿ ಮುಚ್ಚಿದ್ರ ಗ್ಯಾಸ್ ಎಲ್ಲಿಗೆ ಹೋಗಬೇಕ್ರಿ? ಒಂದು ಕಿಡಿ ಸಾಕು. ಇದು ಹಿಂಗ ಇರೂತನಕ ನಾ ಈ ಕಾರಿನಾಗ ಕೂಡಂಗಿಲ್ಲ, ನಿಮ್ಮನ್ನೂ ಕೂಡಾಕ ಬಿಡಂಗಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಕೂಗಾಡಿದೆ. ಮರುದಿನ ಅವಳು ಕಾರಿನ ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡು ಸಿಟಿ ಬಸ್ಸು ಹತ್ತಿದಳು. ಸಾಹೇಬರು, ಅಂದರೆ ನಾನು, ಕೂಡ ವಾರವೆಲ್ಲ ಬಸ್ಸಿನಲ್ಲಿ ಜೋತಾಡುತ್ತಲೇ ಶಂಶಾಬಾದು ಸೇರಿದರು.

ಶನಿವಾರ ಕೀಲಿ ಕೈಗೆ ಬಂತು, ಜೊತೆಗೆ ಹೆಂಡತಿ ಬರೆದ ಒಂದು ಚೀಟಿ. ಡಬ್ಬಿಯನ್ನು ಬಿಚ್ಚಿ ಚೀಲದಲ್ಲಿಟ್ಟುಕೊಂಡು ಸನತ್‌ನಗರದ ಮೆಕ್ಯಾನಿಕ್ಕನ ಹತ್ತಿರ ಹೋದೆ. ಅವನಾದರೂ ನನ್ನ ಕಡೆ ನಿಲ್ಲುತ್ತಾನೆಂಬ ಆಸೆಯಿಂದ ಚೀಟಿ ಓದಿ ಹೇಳಿದೆ. ಡಬ್ಬಿ ಬಾನೆಟ್ಟಿನ ಕೆಳಗೆ, ಗಾಳಿಯಾಡುವಲ್ಲಿ ಇರಬೇಕು. ಗ್ಯಾಸು ಇನ್ನೊಂದು ನೀರಿನ ಸೀಸೆಯ ಮೂಲಕ ಹಾಯಬೇಕು. ಇಂಜಿನ್ನಿನಿಂದ ಬೆಂಕಿ ಹಿಂದಕ್ಕೆ ಬಂದರೆ ಅಲ್ಲೇ ಆರಲಿ. ಫ್ಯೂಸು ಇರಲಿ, ಇಂಜಿನ್ನು ನಿಂತ ಕೂಡಲೇ ಕರೆಂಟೂ ನಿಲ್ಲಲಿ.

“ಮೇಡಂ ಸಹೀಚ್ ಬೋಲ್‌ರೇ ಸಾಬ್,” ಮೇಡಂ ಹೇಳಿದ್ದೇ ಸರಿ ಎಂದು ಅವನು ನನ್ನ ಮುಖಕ್ಕೇ ಹೇಳಿ ಪಾನಾ ಕೈಗೆತ್ತಿಕೊಂಡ. ಸಂಜೆಯ ಹೊತ್ತಿಗೆ ಎಲ್ಲವೂ ಚೀಟಿಯಂತೆಯೇ ಆಗಿತ್ತು.

ಭಾನುವಾರ ಬೆಳಿಗ್ಗೆ ಪೂಜೆ. ನಮ್ಮ ಮನೆಗೆ ಮಿಕ್ಸರು ಬಂದರೂ ಕುಂಕುಮ ಹಚ್ಚದೆ ಸ್ವಿಚ್ಚು ಒತ್ತುವಂತಿಲ್ಲ. ಅವ್ವ ಆರತಿ ತಟ್ಟೆ ತಂದಳು. ನಾನು ಬಾನೆಟ್ಟು ಎತ್ತಿ ಇಂಜಿನ್ನು ಚಾಲೂ ಮಾಡಿದೆ. ಸೀಸೆಯಲ್ಲಿ ಗುಳುಗುಳು ಗುಳ್ಳೆ ಏಳತೊಡಗಿತು. ಅವ್ವ ಕರ್ಪೂರ ಹಚ್ಚಿದಳು.

“ದೂರ ಆತು ಅವ್ವಾ, ಇನ್ನೂ ಸನೇಕ ಹಿಡಿ,” ಎಂದೆ ನಾನು. ಹೌದು, ನಾನೇ!

ಅಡುಗೆಮನೆಯಿಂದ ಹೆಂಡತಿ ಓಡಿ ಬಂದವಳೇ ತಟ್ಟೆಯನ್ನು ಸೆಳೆದು ಉಫ್ ಎಂದು ಆರತಿಯನ್ನು ಊದಿಬಿಟ್ಟಳು. ದೀಪವನ್ನು ಬಾಯಿಂದ ಊದುವುದು ನಮ್ಮಲ್ಲಿ ಮಹಾ ಅಪಶಕುನ. ಅವ್ವನ ಮುಖ ಬಿಳಿಚಿಕೊಂಡಿತು.

“ಅತ್ತೀ, ಆ ಪೈಪಿನಾಗ ಗ್ಯಾಸ್ ಹರಿಯಾಕತ್ತೈತ್ರಿ! ಎಲ್ಲ್ಯಾರ ಸೋರಿದ್ರ ನಿಮ್ಮ ಕೈ, ಇವರ ಮಾರಿ...” ಮುಂದೆ ಮಾತು ಹೊರಡದೆ ಅವಳು ಅತ್ತೇಬಿಟ್ಟಳು.

ನಾನು ಓಡಿ ಇಂಜಿನ್ನು ಆರಿಸಿದೆ. ಮೆಕ್ಯಾನಿಕ್ಕನಿಗೆ ಬೀಡಿ ಸಹ ಹಚ್ಚಲು ಬಿಡದೆ ಕೆಲಸ ಮಾಡಿಸಿದವನು ನಾನು. ಆದರೆ ಪೂಜೆಯ ಕರ್ಪೂರವೂ ಬೆಂಕಿಯೇ ಎಂಬುದು ತಲೆಗೆ ಬಂದಿರಲೇ ಇಲ್ಲ. ಅವ್ವ ಒಳಗೆ ಹೋಗಿ, ಅರಿಷಿಣ ಸುಣ್ಣ ಕದಡಿ ಕೆಂಪು ನೀರು ತಂದಳು.

“ಗಾಡಿಗೆ ಆಮ್ಯಾಲ. ಮೊದಲ ನೀ ನಿಂದರು ಇಲ್ಲೆ,” ಎಂದು ಸೊಸೆಗೆ ನಿವಾಳಿಸಿದಳು.

ಸೋಮವಾರ ಹೆಂಡತಿ ಮತ್ತೆ ನನ್ನ ಪಕ್ಕದಲ್ಲಿ ಕೂತಳು. ನಾನಂತೂ ರಾಜನಂತೆ ಗಾಡಿ ಓಡಿಸಿದೆ. ಪೆಟ್ರೋಲು ಮಾತ್ರ ಒಂದು ಹನಿಯೂ ಉಳಿಯಲಿಲ್ಲ! ಮನೆಯಲ್ಲಿ “ಭಾಳ ಉಳಿಯಾಕತ್ತೈತಿ” ಎಂದು ತಿಂಗಳುಗಟ್ಟಲೆ ಬುರುಡೆ ಬಿಟ್ಟೆ. ಕೊನೆಗೆ ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ ನಾಚಿಕೆ ತಡೆಯಲಾರದೆ ನಿಜ ಒಪ್ಪಿಕೊಂಡೆ. ಅವಳು ಬಿದ್ದು ಬಿದ್ದು ನಕ್ಕಳು.

“ನನಗ ಮೊದಲನೇ ದಿನಾನ ಗೊತ್ತಿತ್ರಿ. ನೀರು ಒಡೆಯೂ ಕರೆಂಟೂ ಅದ ಪೆಟ್ರೋಲಿನಿಂದ ಬರಬೇಕಲ್ಲ?”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಕೇಳೂ ಮಂದಿ ಏನ್ರಿ ನೀವು? ನನಗ ಗೊತ್ತಿಲ್ಲದಂಗ ಮಾಡ್ತಿದ್ರಿ. ಮಾಡೂದ ಆದ್ರ ಸಾಯಲಾರದಂಗ ಮಾಡ್ಲಿ ಅಂತ ಚೀಟಿ ಬರೆದೆ.”

ನಾನು ಅವಳ ಮುಖವನ್ನೇ ನೋಡುತ್ತ ಕೂತೆ. ಸಿಗ್ನಲ್ಲು ಬಿಟ್ಟದ್ದೂ ತಿಳಿಯಲಿಲ್ಲ. ಹಿಂದಿನ ಆಟೋದವನು ಬೈದ ಮೇಲೆಯೇ ಗಾಡಿ ಮುಂದಕ್ಕೆ ಬಿಟ್ಟೆ.