ಅಜ್ಜಿಗೆ ಹೇಳಬೇಕಾಗಿದ್ದ ದಾರಿ

ರಸ್ತೆ ದಾಟುವ ಮುನ್ನ ಪಕ್ಕದ ಮನೆಯ ಅಜ್ಜಿ ನನ್ನ ಬಲ ಮುಂಗೈ ಹಿಡಿಯುತ್ತಿದ್ದರು. ಅಂತಿಂಥ ಹಿಡಿತವಲ್ಲ, ಆಚೆ ಬದಿ ತಲುಪಿ ಬಿಡಿಸಿಕೊಂಡರೆ ಚರ್ಮದ ಮೇಲೆ ನಾಲ್ಕು ಉಗುರಿನ ಗುರುತು ಕೆಂಪಗೆ ಮೂಡಿರುತ್ತಿತ್ತು. ನನ್ನ ಉಗುರೂ ಅವರ ತೋಳಿನಲ್ಲಿ ಅಷ್ಟೇ ಇಳಿದಿರುತ್ತಿತ್ತೇನೋ. ನಾನು ಮೊದಲೇ ಪುಕ್ಕಲಿ. ಮೈಸೂರು ಬಿಟ್ಟು ಅಮೆರಿಕದ ಅಲೆನ್‌ಗೆ ಬಂದು ಹನ್ನೆರಡು ವರ್ಷವಾಗಿದ್ದರೂ ಕಾರನ್ನು ಒಂದು ದಿನವೂ ಹೈವೇಗೆ ಹತ್ತಿಸಿದವಳಲ್ಲ. ಸಣ್ಣ ರಸ್ತೆಗಳಲ್ಲೇ ಸುತ್ತಿ ತರಕಾರಿ ತಂದರೆ ಅದೇ ನನ್ನ ಪರಾಕ್ರಮ.

ಅಜ್ಜಿ ಚೀನಾದ ಗ್ವೇಜೌ ಬೆಟ್ಟಗಳ ಕಡೆಯ ಬುಯೇಯಿ ಜನ. ಮನೆಯ ಸೂರಿಗೂ ಕಲ್ಲುಚಪ್ಪಡಿ ಹೊದಿಸುವ ಊರಂತೆ. ಇಲ್ಲಿ ಮಗಳ ಜೊತೆಗಿದ್ದರು. ಮಗಳಿದ್ದಾಗ ಅವಳು ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಇಲ್ಲದಾಗ ನಾನು ಧಾರಾಳವಾಗಿ ಕನ್ನಡದಲ್ಲೇ ಮಾತಾಡುತ್ತಿದ್ದೆ. ಹಾಗಾಗಿ ಅಜ್ಜಿಗೆ ಎರಡು ಕನ್ನಡ ಪದ ಗೊತ್ತಿದ್ದವು: "ನಿಲ್ಲಿ", "ಬನ್ನಿ". ಅವರ ಹಬ್ಬಕ್ಕೆ ಎಲೆ, ಹೂವುಗಳ ರಸದಲ್ಲಿ ನೆನೆಸಿ ಬೇಯಿಸಿದ ಅಂಟಕ್ಕಿಯ ಅನ್ನ ಕಪ್ಪು, ಹಳದಿ, ಕೆಂಪು ಗುಪ್ಪೆಗಳಾಗಿ ನಮ್ಮ ಮನೆಗೆ ಬರುತ್ತಿತ್ತು. ಕಪ್ಪನ್ನ ನೋಡಿ ನಮ್ಮನೆಯವರು, "ಮೊದಲು ನೀನು ತಿನ್ನೇ, ನಾನು ಅರ್ಧ ಗಂಟೆ ನೋಡ್ತೀನಿ" ಅಂದಿದ್ದರು. ಡಬ್ಬಿ ಖಾಲಿ ಕೊಡಬಾರದೆಂದು ನಾನು ಚಕ್ಕುಲಿ ತುಂಬಿ ಕೊಟ್ಟರೆ, ಅಜ್ಜಿ ಅದನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದರು, ಅಯ್ಯೋ ದೇವರೇ!

ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಹೇಳಿದ ವಾರ ಮಗಳು ನನ್ನನ್ನು ಕರೆದಳು. ಅಜ್ಜಿಗೆ ಸಾವಿನ ಭಯವಿರಲಿಲ್ಲ, ದಾರಿ ತಪ್ಪುವ ಭಯ. ಅವರಲ್ಲಿ ಯಾರಾದರೂ ತೀರಿಕೊಂಡರೆ ಬುಮೊ ಎಂಬ ಪುರೋಹಿತರು ಕೂತು ಹೋದ ಜೀವಕ್ಕೆ ದಾರಿ ಹೇಳುತ್ತಾರೆ. ಈ ಬೆಟ್ಟ ಇಳಿ, ಆ ಹೊಳೆ ದಾಟು ಎಂದು, ಹಿರಿಯರಿರುವ ಜಾಗದ ತನಕ. ಊರಿನ ಬುಮೊ ಫೋನಿನಲ್ಲಿ ಹೇಳಲು ಒಪ್ಪಿದ್ದರು. ಆದರೆ ಅವರಿಗೆ ಗೊತ್ತಿದ್ದ ದಾರಿ ಶುರುವಾಗುವುದು ಊರ ಬಾಗಿಲಿನಿಂದ. ಅಲೆನ್‌ನ ಈ ಮನೆಯಿಂದ ವಿಮಾನದವರೆಗೆ ಹೇಳುವವರು ಯಾರು?

"ನೀನು ಹೇಳು" ಅಂದರು ಅಜ್ಜಿ, ಮಗಳ ಬಾಯಲ್ಲಿ. "ಇವಳು ಹೇಳಿದರೆ ಅಳ್ತಾಳೆ. ಅಳು ಕೇಳಿದರೆ ನಾನು ತಿರುಗಿ ಬಂದುಬಿಡ್ತೀನಿ. ನಿನ್ನ ಭಾಷೆಯಲ್ಲೇ ಹೇಳು. ಆದರೆ ನೀನೇ ಹೋಗಿ ನೋಡಿರೋ ದಾರಿ ಆಗಿರಬೇಕು. ಬೇರೆಯವರು ಕೂರಿಸಿಕೊಂಡು ಹೋದದ್ದು ಲೆಕ್ಕಕ್ಕಿಲ್ಲ."

ಏರ್‌ಪೋರ್ಟಿಗೆ ಹೋಗಬೇಕೆಂದರೆ 121 ಹೈವೇ ಹತ್ತಬೇಕು.

ಒಂದು ಭಾನುವಾರ ಬೆಳಗ್ಗೆ ಹತ್ತಿಸಿದೆ. ಅಜ್ಜಿ ಪಕ್ಕದಲ್ಲಿ, ಮಗಳು ಹಿಂದೆ. "ಈಗ ನೀರಿನ ಟ್ಯಾಂಕ್ ಬಂತು ಅಜ್ಜಿ, ಈಗ ಸೇತುವೆ" ಎಂದು ಒಣಗಿದ ಬಾಯಲ್ಲಿ ಹೇಳುತ್ತಾ ಹೋದೆ. ಲೂಯಿಸ್‌ವಿಲ್ ಹತ್ತಿರ ಎಡಕ್ಕೊಂದು ಬಲಕ್ಕೊಂದು ದೊಡ್ಡ ಟ್ರಕ್ಕು ಒಟ್ಟಿಗೆ ಬಂದವು. ನಡುವೆ ನಾನು. ಸಿಕ್ಕಿದ ಎಕ್ಸಿಟ್ ಇಳಿದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿದೆ. "ನನ್ನ ಕೈಲಾಗಲ್ಲ" ಎಂದು ಸ್ಟಿಯರಿಂಗ್ ಮೇಲೆ ತಲೆಯಿಟ್ಟೆ. ಅಜ್ಜಿ ಬೈಯಲಿಲ್ಲ. ಗಾಜಿನಾಚೆ ನೋಡುತ್ತಾ ಏನೋ ಕೇಳಿದರು. ಮಗಳು ಹೇಳಲು ಹಿಂದೆಮುಂದೆ ನೋಡಿದಳು.

"ಇಲ್ಲಿಂದ ಮುಂದೆ ಯಾವ ಕಡೆ ಅಂತ ಕೇಳ್ತಿದಾರೆ."

ಸಣ್ಣ ರಸ್ತೆಗಳಲ್ಲಿ ಸುತ್ತಿ ಮನೆಗೆ ವಾಪಸು ಬಂದೆವು. ಮುಂದಿನ ವಾರ ಹೋಗೋಣ, ಅದರ ಮುಂದಿನ ವಾರ ಹೋಗೋಣ ಎಂದು ನೆಪ ಹೇಳುತ್ತಾ ಬಂದೆ. ಮೂರನೆಯ ವಾರ ಅಜ್ಜಿ ಹೋಗಿಬಿಟ್ಟರು.

ಅಂದು ಬೆಳಗ್ಗೆ ಮಗಳು ನಮ್ಮ ಬಾಗಿಲಿಗೆ ಬಂದಳು. "ಬುಮೊ ಸಂಜೆ ಶುರು ಮಾಡ್ತಾರೆ. ಅಷ್ಟರೊಳಗೆ ಅಮ್ಮ ಊರ ಬಾಗಿಲು ಮುಟ್ಟಿರಬೇಕು."

ನಮ್ಮನೆಯವರು ಕಾರಿನ ಕೀ ತೆಗೆದುಕೊಂಡರು. "ನಾನು ಡ್ರೈವ್ ಮಾಡ್ತೀನಿ ಕಣೇ, ನೀನು ಪಕ್ಕದಲ್ಲಿ ಕೂತ್ಕೊಂಡು ಹೇಳು."

"ಬೇಡ. ಕೊಡಿ ಇಲ್ಲಿ" ಅಂದೆ.

ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಬಹುದು. ಆದರೆ ಅಂದು ಕಣ್ಣು ಮುಚ್ಚಿದರೆ ಸಾಕು, ನಾನು ಹೇಳಿದಷ್ಟು ದೂರ ಹೋಗಿ, ಆ ಗ್ಯಾಸ್ ಸ್ಟೇಷನ್ನಿನಲ್ಲಿ ಅಜ್ಜಿ ಒಬ್ಬರೇ ಟ್ರಕ್ಕುಗಳನ್ನು ನೋಡುತ್ತಾ ನಿಂತಿದ್ದರು. ಹಿಡಿದುಕೊಳ್ಳಲು ಯಾರ ಕೈಯೂ ಇರಲಿಲ್ಲ.

ಅಲ್ಲಿಯವರೆಗೆ ಒಬ್ಬಳೇ ಹೇಗೆ ಹೋದೆನೋ ನೆನಪಿಲ್ಲ. ಇಳಿದು ಬಲಗಡೆಯ ಬಾಗಿಲು ತೆಗೆದೆ. "ಬನ್ನಿ ಅಜ್ಜಿ. ತಡ ಆಯ್ತು, ಬೈಕೋಬೇಡಿ." ಗ್ಯಾಸ್ ಹಾಕಿಸಿಕೊಳ್ಳುತ್ತಿದ್ದವನೊಬ್ಬ ನನ್ನನ್ನೇ ನೋಡಿದ. ನೋಡಲಿ ಬಿಡಿ. ಮತ್ತೆ ಹೈವೇ ಹತ್ತಿ, ಕಂಡ ಬೋರ್ಡು, ಕಂಡ ಸೇತುವೆ ಎಲ್ಲವನ್ನೂ ಕೂಗಿ ಕೂಗಿ ಹೇಳಿದೆ. ಟ್ರಕ್ಕುಗಳು ಬಂದವು. ಬಲ ಮುಂಗೈ ಚುರುಗುಟ್ಟಿತು. ಈ ಸಲ ಎಕ್ಸಿಟ್ ಇಳಿಯಲಿಲ್ಲ.

ಏರ್‌ಪೋರ್ಟಿನ ಬಾಗಿಲಲ್ಲಿ ಕಾರು ನಿಲ್ಲಿಸಿ, ಸುತ್ತಿ ಬಂದು ಅವರ ಕಡೆಯ ಬಾಗಿಲು ತೆಗೆದೆ. ಯಾರನ್ನು ಕಳಿಸುವಾಗಲೂ "ಹೋಗಿ ಬನ್ನಿ" ಎಂದೇ ಅಂದು ರೂಢಿಯಾದ ಬಾಯಿ ನನ್ನದು. ಅಂದು ಬರೀ "ಹೋಗಿ, ಅಜ್ಜಿ" ಎಂದೆ. ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಬಾಗಿಲು ಹಾಕಿದೆ.

ಅತ್ತರೆ ಎಲ್ಲಿ ತಿರುಗಿ ಬಂದುಬಿಡುತ್ತಾರೋ ಎಂದು ತುಟಿ ಕಚ್ಚಿಕೊಂಡು 121ರಲ್ಲೇ ಮನೆಗೆ ಬಂದೆ. ಸಂಜೆ ಫೋನಿನಲ್ಲಿ ಬುಮೊ ಕೊನೆಯ ಹೊಳೆ ದಾಟಿಸಿ ಮುಗಿಸುವವರೆಗೂ ನಾನು ಅಳಲಿಲ್ಲ.