ಅವ್ವ ಕೂತು ಉಂಡ ಬೇಸಗೆ

ಆ ಕಾಲದಲ್ಲಿ ನಮ್ಮ ಕಡೆಯವರು ಮೈಸೂರಿಗೆ ಹೋಗುತ್ತಿದ್ದದ್ದು ಎರಡೇ ಕಾರಣಕ್ಕೆ: ದಸರೆಗೆ, ಇಲ್ಲವೇ ಆಸ್ಪತ್ರೆಗೆ. ನನ್ನ ಪಾಲಿಗೆ ಮೊದಲು ಬಂದದ್ದು ಆಸ್ಪತ್ರೆ. ಹುಣಸೆಹಣ್ಣು ಬಡಿಯಲು ಮರ ಹತ್ತಿದ್ದ ಅಪ್ಪ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದ. ಕಡಕೊಳದವರೆಗೆ ಗಾಡಿಯಲ್ಲಿ ಮಲಗಿಸಿ ತಂದು, ಅಲ್ಲಿಂದ ರೈಲಿನಲ್ಲಿ ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದರು. ಕಾಲಿಗೆ ಮರಳಿನ ಚೀಲ ಕಟ್ಟಿ ಇಳಿಬಿಟ್ಟ ಡಾಕ್ಟರು, ಮಳೆ ಹಿಡಿಯುವವರೆಗೂ ಇಲ್ಲೇ ಇರಬೇಕು ಎಂದುಬಿಟ್ಟರು. ಜೊತೆಗಿರಲು ಅವ್ವ ನಿಂತಳು. ಅವಳ ಸೆರಗು ಬಿಡದ ನಾನೂ ನಿಂತೆ.

ಆಸ್ಪತ್ರೆಯವರು ರೋಗಿಗೆ ಹಾಲು, ಬ್ರೆಡ್ಡು ಕೊಡುತ್ತಿದ್ದರು. ನಮಗೆ ಯಾರು ಕೊಡಬೇಕು? ನಾವು ಮಲಗುತ್ತಿದ್ದ ಛತ್ರದಲ್ಲಿ ಒಲೆ ಹಚ್ಚಿದರೆ ಗಂಟುಮೂಟೆ ಬೀದಿಗೆ. ಊರಿನಿಂದ ತಂದಿದ್ದ ರೊಟ್ಟಿ ಬಲುಬೇಗ ಒಣಗಿ ಚಪ್ಪಲಿಯಾಯಿತು. ದೊಡ್ಡ ಬೀದಿಯ ಹೋಟೆಲುಗಳಿಂದ ಬರುತ್ತಿದ್ದ ತುಪ್ಪದ ದೋಸೆಯ ವಾಸನೆ ನನ್ನ ಮೂಗು ಹಿಡಿದು ಎಳೆಯುತ್ತಿತ್ತು. ಅಲ್ಲಿ ಹೆಂಗಸರಿಗೆಂದು ಪರದೆ ಬಿಟ್ಟ ಫ್ಯಾಮಿಲಿ ರೂಮು. ಆ ಪರದೆಗೂ ಸೇರಿಸಿ ದುಡ್ಡು. ಒಂದು ಸಲ ಒಳಗೆ ಕೂತು ಉಂಡೆವು. ಪುಟ್ಟ ಬಟ್ಟಲಿನ ಅನ್ನ ನೋಡಿ ಅವ್ವ ನಕ್ಕಳು. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಕಣೆ."

ಆಮೇಲಿಂದ ಅವ್ವ ನನಗೊಬ್ಬಳಿಗೇ ಇಡ್ಲಿ ಕಟ್ಟಿಸಿಕೊಂಡು ಬರತೊಡಗಿದಳು. ಛತ್ರದ ಜಗುಲಿಯಲ್ಲಿ ಯಾರೋ ಕೊರೆದಿಟ್ಟಿದ್ದ ಚೌಕಾಬಾರದ ಮನೆಯಲ್ಲಿ ಹುಣಸೆಬೀಜ ಆಡಿಸುತ್ತ ನಾನು ತಿನ್ನುತ್ತಿದ್ದೆ. "ನಿಂಗೆ?" ಅಂದರೆ "ನಂದಾಯ್ತು ಬುಡು" ಅನ್ನುತ್ತಿದ್ದಳು. ದಿನವಿಡೀ ಅವಳ ಪಕ್ಕದಲ್ಲೇ ಇದ್ದ ನಾನು ಅವಳು ಉಂಡದ್ದನ್ನು ಕಂಡಿರಲಿಲ್ಲ. ಒಂದು ಬೆಳಿಗ್ಗೆ ಆಸ್ಪತ್ರೆಯ ನಲ್ಲಿಯ ಹತ್ತಿರ ಅಪ್ಪನ ಬಟ್ಟೆ ಹಿಂಡುತ್ತಿದ್ದವಳು ಗೋಡೆ ಹಿಡಿದು ಕುಸಿದಳು. ಮುಖಕ್ಕೆ ನೀರು ಚಿಮುಕಿಸಿದ ಆಯಾ, "ಹಿಂಗೆ ಉಪಾಸ ಇದ್ರೆ ಪಕ್ಕದ ಮಂಚ ನಿಂದೇ ಕಣಮ್ಮ. ಊರಿಗೆ ಹೋಗ್ಬುಡು" ಅಂದಳು. ಊರಿಗೆ ಹೋದರೆ ಅಪ್ಪನನ್ನು ಹೊರಳಿಸುವವರು ಯಾರು, ಮೈ ಒರೆಸುವವರು ಯಾರು?

ಆವತ್ತೇ ಮಧ್ಯಾಹ್ನ ಅವ್ವ ನನ್ನ ಕೈ ಹಿಡಿದು ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ನಡೆದಳು. ಕುದುರೆ ಲದ್ದಿ, ಬಾಡಿದ ಮಲ್ಲಿಗೆ, ಹುರಿದ ಮಸಾಲೆ ಎಲ್ಲ ಒಟ್ಟಿಗೇ ಮೂಗಿಗೆ ಬಡಿಯುವ ಗಲ್ಲಿ. ಅಲ್ಲೊಂದು ಮಿಲಿಟರಿ ಹೋಟೆಲು. ಜಟಕಾದವರು, ಹಮಾಲಿಗಳು ಮುದ್ದೆ, ಬಾಡಿನ ಸಾರು ಉಣ್ಣುವ ಜಾಗ. ಬರೀ ಮುದ್ದೆ ಕೊಂಡರೂ ಸಾರು ಕೇಳಿದಷ್ಟು. ಇಡೀ ಪೇಟೆಯಲ್ಲಿ ಅದಕ್ಕಿಂತ ಅಗ್ಗದ ಊಟವಿರಲಿಲ್ಲ. ಆದರೆ ಅಲ್ಲಿಗೆ ಹೆಂಗಸೊಬ್ಬಳು ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಗಲ್ಲಾದಲ್ಲಿದ್ದ ಹೋಟೆಲಿನವನು ಎದ್ದೇ ನಿಂತ. "ಎಂಗಸ್ರು ಒಳಕ್ಕೆ ಬರಂಗಿಲ್ಲ ಕಣವ್ವ. ಪಾತ್ರೆ ತಂದ್ರೆ ಆಕ್ಕೊಡ್ತೀನಿ."

"ಪಾತ್ರೆ ಇಲ್ಲ. ಹೊಟ್ಟೆ ತಂದಿವ್ನಿ," ಅಂದಳು ಅವ್ವ.

"ನೋಡ್ದೋರು ಏನಂದಾರು?"

"ನಿಮ್ಮನೇಲಿ ಮುದ್ದೆ ಕಟ್ಟೋರು ಯಾರು? ಹೆಂಗಸ್ರು ತಾನೆ? ಕಟ್ಟಬೋದು, ಉಣ್ಣಬಾರ್ದಾ?"

ಬೆಂಚಿನ ತುದಿಯಲ್ಲಿದ್ದ ಮುದಿ ಜಟಕಾದವನೊಬ್ಬ ಸರಿದು ಜಾಗ ಬಿಟ್ಟ. ಅವ್ವ ಕೂತಳು. ಬಿಸಿಮುದ್ದೆ ಬಂತು, ಹೊಗೆಯಾಡುವ ಸಾರು ಬಂತು. ತಲೆ ತಗ್ಗಿಸದೆ ಮುರಿದಳು, ಅದ್ದಿದಳು, ನುಂಗಿದಳು. ಹಣೆಯ ಬೆವರು ಒರೆಸಿಕೊಂಡು ಇನ್ನೊಂದು ಮುದ್ದೆ ಕೇಳಿದಳು.

ದಿನಾ ಹೋದೆವು. ಗಂಡಸರು ಮೊದಮೊದಲು ಗುಸುಗುಸು ಅಂದರು. ಆಮೇಲಾಮೇಲೆ, "ನಿಮ್ಮೆಜಮಾನ್ರು ಎಂಗವ್ರೆ?" ಎಂದು ವಿಚಾರಿಸತೊಡಗಿದರು.

ಸುದ್ದಿ ಊರು ಮುಟ್ಟಲು ಎಷ್ಟು ಹೊತ್ತು? ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ರೈಲು ಹತ್ತಿ ಬಂದ. ನಮ್ಮ ಮನೆಗಳಲ್ಲಿ ಗಂಡನ ಅಣ್ಣ ಎದುರಾದರೆ ಹೆಂಗಸರು ಕೂತಿರಬಾರದು. ಎದ್ದು ಬಾಗಿಲ ಮರೆಗೆ ನಿಲ್ಲಬೇಕು. ಅವನೆದುರು ಉಣ್ಣುವುದಂತೂ ಕನಸಿನ ಮಾತು. ಮದುವೆಯಾಗಿ ಬಂದಾಗಿನಿಂದ ಅವ್ವ ಎಲ್ಲರೂ ಉಂಡೆದ್ದ ಮೇಲೆ ಒಲೆಯ ಮುಂದೆ ತಣ್ಣಗಿನದನ್ನು ಉಂಡವಳು.

ಆಸ್ಪತ್ರೆಯಲ್ಲಿ ನಮ್ಮನ್ನು ಕಾಣದೆ ದೊಡ್ಡಪ್ಪ ನೇರವಾಗಿ ಹೋಟೆಲಿಗೇ ನುಗ್ಗಿದ. ಅವನ ದನಿ ಕೇಳಿದ್ದೇ ಅವ್ವ ಅಭ್ಯಾಸಬಲದಿಂದ ಎದ್ದುಬಿಟ್ಟಳು. ಎಡಗೈ ತಾನಾಗಿ ಸೆರಗನ್ನು ತಲೆಮೇಲೆಳೆಯಿತು.

"ನಮ್ಮನೆ ಮರ್ವಾದೆನ ಗಲ್ಲೀಲಿ ಹರಾಜ್ ಹಾಕ್ತಿದ್ದೀಯ. ಗಂಟು ಕಟ್ಟು, ಊರಿಗೆ ನಡಿ," ಅಂದ ದೊಡ್ಡಪ್ಪ.

"ನಿಮ್ ತಮ್ಮುನ್ನ ಯಾರ್ ನೋಡ್ಕತಾರೆ ಭಾವ?"

"ಆಸ್ಪತ್ರೆಯೋರವ್ರೆ."

ಅವ್ವ ನಿಂತೇ ಇದ್ದಳು. ಈಗ ಹೊರಟುಬಿಡುತ್ತಾಳೆ, ಅಪ್ಪ ಒಬ್ಬನೇ ಸತ್ತುಹೋಗುತ್ತಾನೆ ಎಂದು ನಾನು ಅವಳ ಸೀರೆ ಹಿಡಿದುಕೊಂಡೆ. ಆಗ ಅವಳು ಕೂತಳು. ಭಾವನ ಎದುರಿಗೇ, ಮದುವೆಯಾದ ಮೇಲೆ ಮೊದಲ ಸಲ, ಕೂತಳು. ಮುದ್ದೆ ಮುರಿದಳು.

"ಹಸ್ಕಂಡು ಬಿದ್ದಾಗ ಮರ್ವಾದೆ ಇತ್ತಾ? ಉಂಡ್ರೆ ಹೋಯ್ತದಾ? ನಾನು ಇಲ್ಲೇ ಉಂಡು ನಿಮ್ ತಮ್ಮುನ್ನ ನಡುಸ್ಕಂಡೇ ಬತ್ತೀನಿ. ನೀವೂ ಕುಂತ್ಕಳಿ, ತಣ್ಣಗಾಯ್ತದೆ."

ಮುದಿ ಜಟಕಾದವನು ಮತ್ತೆ ಸರಿದು ಜಾಗ ಮಾಡಿದ. ದೊಡ್ಡಪ್ಪ ಕೂರಲಿಲ್ಲ. ಸ್ಟೇಷನ್ನಿನ ದಾರಿ ಹಿಡಿದ. ಅವ್ವ ಸಾರು ಹಾಕಿಸಿಕೊಂಡಳು.

ಮಳೆ ಹಿಡಿದ ಮೇಲೆ ಅಪ್ಪ ಕೋಲೂರಿಕೊಂಡು ನಡೆದೇ ಊರಿಗೆ ಬಂದ. ಅವ್ವನ ಮಾತು ಸುಳ್ಳಾಗಲಿಲ್ಲ. ಆದರೆ ಮನೆಯ ಹೊಸ್ತಿಲು ದಾಟಿದ್ದೇ ಅವಳು ಮತ್ತೆ ಬಾಗಿಲ ಮರೆ ಸೇರಿದಳು. ದೊಡ್ಡಪ್ಪ, ಅಪ್ಪ, ಮಕ್ಕಳು ಎಲ್ಲ ಉಂಡ ಮೇಲೆ ಅವಳಿಗೆ ತಳದ ಸಾರು. ಯಾಕವ್ವ ಎಂದು ಒಮ್ಮೆ ಜಗಳಕ್ಕೇ ನಿಂತೆ. "ಅದು ಮೈಸೂರು ಕಣೆ, ಇದು ಮನೆ" ಅಂದಳು. ಆ ಮಾತನ್ನು ನಾನು ಇವತ್ತಿಗೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಮೈಸೂರಿನ ಸರಸ್ವತಿಪುರಂನ ನನ್ನ ಮನೆಯಲ್ಲಿ ಮುದ್ದೆ ಕಟ್ಟಿದವರು ಕೂರುವವರೆಗೆ ಯಾರೂ ತುತ್ತೆತ್ತುವಂತಿಲ್ಲ. ಅಳಿಯ ಬಂದರೂ ಅಷ್ಟೆ, ದೇವರೇ ಬಂದರೂ ಅಷ್ಟೆ. ಮಾರ್ಕೆಟ್ಟಿನ ಹಿಂದೆ ಈಗ ಆ ಹೋಟೆಲಿಲ್ಲ, ಬಟ್ಟೆ ಅಂಗಡಿ ಎದ್ದಿದೆ. ಕೇಳಿದಷ್ಟು ಸಾರು ಹಾಕುವವರಾಗಲಿ, ಹಸಿದವರನ್ನು ಕಂಡು ಬೆಂಚಿನಲ್ಲಿ ಸರಿದು ಕೂರುವವರಾಗಲಿ ನನಗೆ ಆಮೇಲೆ ಸಿಕ್ಕಿಲ್ಲ. ನನ್ನ ಮೊಮ್ಮಗಳು ಯಾರನ್ನೂ ಕೇಳದೆ ಯಾವ ಹೋಟೆಲಿಗಾದರೂ ನುಗ್ಗುತ್ತಾಳೆ. ನುಗ್ಗಲಿ. ಅವ್ವ ಬಹಳ ವರ್ಷ ಬದುಕಿದಳು, ಲೆಕ್ಕವಿಲ್ಲದಷ್ಟು ಜನಕ್ಕೆ ಬಡಿಸಿದಳು. ಅವಳು ಕೂತು ಬಿಸಿಬಿಸಿಯಾಗಿ ಉಂಡದ್ದನ್ನು ನಾನು ಕಂಡದ್ದು ಆ ಒಂದು ಬೇಸಗೆ ಮಾತ್ರ, ಆ ಗಲ್ಲಿಯಲ್ಲಿ, ಯಾರದೋ ಬೆಂಚಿನ ಮೇಲೆ.