ಅಜ್ಜಿಯ ಎಡೆಗೆ ಒಂದು ಲೋಟ

ಮೊನ್ನೆ ಮೈಸೂರಿನ ನಮ್ಮ ರೂಮಿನಲ್ಲಿ ಗೆಳತಿಯೊಬ್ಬಳು, ಪ್ರವಾಸದಿಂದ ತಂದ, ಹುದುಗಿಸಿದ ಸೇಬಿನ ಸೈಡರ್ ಬಾಟಲಿಯ ಮುಚ್ಚಳ ತೆಗೆದಳು. ಬುಸ್ಸೆಂದು ನೊರೆ ಬಂತು, ನೊರೆಯ ಬೆನ್ನಿಗೇ ವಾಸನೆ. ಸಿಹಿ ಹೊರಟು ಹುಳಿ ಇನ್ನೂ ಬಂದು ಸೇರದ ಹೊತ್ತಿನ ವಾಸನೆ. ಉಳಿದವರು ಲೋಟ ಮುಂದೆ ಹಿಡಿದರು. ನಾನು ಮಂಚದ ಮೇಲೆ ಕೂತುಬಿಟ್ಟೆ. ನನ್ನ ಅತ್ಯುತ್ತಮ ವಾದವನ್ನು ಕೊಂದದ್ದು ಇದೇ ವಾಸನೆ. ಕೊಲೆಗಾರ ಎದುರಿಗೆ ಬಂದು ನಿಂತರೆ ನೀವೂ ಕೂರುತ್ತಿದ್ದಿರಿ.

ಆ ವಾದ ಯಾವುದೆಂದು ಮೊದಲು ಹೇಳಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಾನನಿಷೇಧದ ಪರ ಮಾತಾಡುವಾಗೆಲ್ಲ ನನ್ನ ಕೊನೆಯ ಅಸ್ತ್ರ ನನ್ನ ಅಜ್ಜಿ. ಸಾರಾಯಿ ಅಂಗಡಿಯ ಬಾಗಿಲಲ್ಲಿ ಪೊರಕೆ ಹಿಡಿದು ನಿಂತು, ಗಂಡಸರನ್ನು ಅಟ್ಟಿ, ಕಡೆಗೆ ಅಂಗಡಿಯನ್ನೇ ಊರಿಂದ ಎತ್ತಿಸಿದ ಹೆಂಗಸು. "ಒಂದು ತೊಟ್ಟೂ ಮುಟ್ಟದ ಆ ತಾಯಿ..." ಎಂದು ದನಿ ಇಳಿಸಿ, ಒಂದು ಕ್ಷಣ ಸುಮ್ಮನಾಗುತ್ತಿದ್ದೆ. ಚಪ್ಪಾಳೆ ತಪ್ಪುತ್ತಿರಲಿಲ್ಲ. ಆ ಮೌನವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಅಜ್ಜಿ ತೀರಿಕೊಂಡ ವರ್ಷ, ಪಕ್ಷದ ಹಬ್ಬ ಹತ್ತಿರವಾದಾಗ ಚಿಕ್ಕಪ್ಪ ಊರಿಂದ ಫೋನ್ ಮಾಡಿದ. "ಶನಿವಾರ ಬಾ ಮಗಾ. ಅಲ್ಲಲ್ಲಿ ಒಸಿ ರುಚಿ ನೋಡ್ಕಂಡು ಬರಾನ."

"ಏನನ್ನ?"

"ವೈನು ಮಾಡೋ ತಾವು, ನೀರಾ ಇಳಿಸೋ ತಾವು. ಅಂಗೆ ಒಂದು ಸುತ್ತು."

ತನ್ನ ಕುಡಿತಕ್ಕೆ ಪ್ರವಾಸದ ಬಣ್ಣ ಬಳಿಯುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಮುಂದಿನ ಸ್ಪರ್ಧೆಗೆ ಕಣ್ಣಾರೆ ಕಂಡ ಸಾಕ್ಷ್ಯವಾದರೂ ಸಿಗಲಿ ಎಂದು ಹೊರಟೆ.

ಮೊದಲು ಶ್ರೀರಂಗಪಟ್ಟಣ. ಕರಿಘಟ್ಟ ಕಾಣುವ ತೋಟವೊಂದರಲ್ಲಿ ಹಣ್ಣಿನ ವೈನ್ ಮಾಡುತ್ತಿದ್ದರು. ಅಲ್ಲಿನ ಹುಡುಗ ಉದ್ದ ಕಾಲಿನ ಗ್ಲಾಸು ಕೊಟ್ಟು, ಮೆಲ್ಲಗೆ ತಿರುಗಿಸಬೇಕು, ಆಮೇಲೆ ಮೂಸಬೇಕು, ಆಮೇಲೆ ನಾಲಿಗೆಯ ಮೇಲೆ ನಿಲ್ಲಿಸಬೇಕು ಎಂದು ಪಾಠ ಹೇಳಿದ. ಚಿಕ್ಕಪ್ಪ ಮೂಸಿದ. ಕುಡಿಯದೆ ಗ್ಲಾಸನ್ನು ನನ್ನ ಮೂಗಿಗೆ ಹಿಡಿದ.

"ಏನಾರ ಗ್ಯಾಪ್ಕ ಬತ್ತದಾ?"

"ದ್ರಾಕ್ಷಿ ಗ್ಯಾಪಕ ಬರ್ತದೆ."

"ಬುಡು. ಇದಲ್ಲ." ತುಂಬಿದ ಗ್ಲಾಸನ್ನು ಹಾಗೇ ಇಟ್ಟು ಹೊರಟುಬಿಟ್ಟ. ನನಗೆ ಅದೇ ಮೊದಲ ಆಘಾತ. ಚಿಕ್ಕಪ್ಪ ತುಂಬಿದ ಗ್ಲಾಸು ಬಿಟ್ಟು ಎದ್ದದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ.

ಕಾರಿನಲ್ಲಿ ಕೇಳಿದೆ. "ಇದಲ್ಲ ಅಂದ್ರೆ ಯಾವುದು? ಏನು ಹುಡುಕ್ತಿದ್ದೀಯ?"

"ಅವ್ವನ ಎಡೆಗೆ ಕಣವ್ವ. ಮೊದಲನೇ ವರ್ಸ. ಅವಳಿಗೆ ಇಷ್ಟವಾಗಿದ್ದು ಇಕ್ಕಬೇಕಲ್ವಾ?"

ನಮ್ಮ ಕಡೆ ಪಕ್ಷದಲ್ಲಿ ಸತ್ತವರ ಬಟ್ಟೆಯ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿಕೊಂಡು ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ತಾತನ ಎಲೆಗೆ ಬೀಡಿ, ಬ್ರಾಂದಿ ಪ್ರತಿವರ್ಷ ಹೋಗುತ್ತವೆ. ಅಜ್ಜಿಗಾದರೆ ಕೋಳಿಸಾರು, ಎಲಡಿಕೆ. ಅಷ್ಟೇ ತಾನೆ?

"ಎಲಡಿಕೆ ಊಟ ಆದ್ಮೇಲಿಂದು. ಮುಂಚೆ ಹೆಂಡ ಬ್ಯಾಡ್ವಾ?"

ಕಾರು ನಿಲ್ಲಿಸು ಎಂದೆ. ಅವನು ನಿಲ್ಲಿಸಲಿಲ್ಲ.

"ಅಜ್ಜಿ ಕುಡೀತಿದ್ಲಾ?"

"ದಿನಾ."

ಆ ಎರಡಕ್ಷರ ನನ್ನ ಎಲ್ಲ ಚಪ್ಪಾಳೆಗಳನ್ನೂ ವಾಪಸ್ಸು ತೆಗೆದುಕೊಂಡಿತು. ಪಕ್ಕದಲ್ಲೇ ಮಲಗಿ ಬೆಳೆದವಳು ನಾನು, ನನಗೇ ಗೊತ್ತಿಲ್ಲ! "ಹಂಗಾದ್ರೆ ಆ ಪೊರಕೆ?" ಎಂದು ಕೂಗಿದೆ.

"ಪೊರಕೆ ಸಾರಾಯಿಗೆ. ಸಾರಾಯಿ ಮನೆಮನೆ ತಿಂದಾಕ್ತಿತ್ತು. ಹೆಂಡ ಅಂದ್ರೆ ನಾಟಿ ಮಾಡಿ ಬಂದ ಹೆಂಗಸ್ರು ಸೊಂಟನೋವಿಗೆ ಒಂದು ಲೋಟ ಕುಡ್ದು ಮನೀಕಳೋರು. ಅದ್ಕೂ ಇದ್ಕೂ ಏನು ಸಂಬಂಧ?"

"ಎರಡೂ ಮದ್ಯವೇ, ಚಿಕ್ಕಪ್ಪ!"

"ಹಾವೂ ನೀರಲ್ಲೈತೆ, ಮೀನೂ ನೀರಲ್ಲೈತೆ. ಎರಡ್ನೂ ಸಾರು ಮಾಡೀಯಾ, ಲಾಯರಮ್ಮ?"

ಇದಕ್ಕೆ ಪ್ರತಿವಾದ ಇತ್ತು. ಈಗಲೂ ಇದೆ. ಆದರೆ ಚಿಕ್ಕಪ್ಪ ಮುಂದಿನ ಕತೆಗೆ ಹೋಗಿಯಾಗಿತ್ತು. ಹೆಂಡದಂಗಡಿಗಳು ಮುಚ್ಚಿದ ಮೇಲೆ ತೋಟದ ತೆಂಗಿನಿಂದ ಒಬ್ಬ ಮುದುಕ ಅವಳಿಗೆ ಗುಟ್ಟಾಗಿ ಇಳಿಸಿಕೊಡುತ್ತಿದ್ದನಂತೆ, ಅವನೂ ಈಗಿಲ್ಲ. ಅದರದೇ ವಾಸನೆಯ ಏನಾದರೂ ಸಿಕ್ಕೀತೇ ಎಂದು ಈ ಸುತ್ತು. "ಅದು ಸಿಕ್ಕದೆ ಓದ್ರೆ ಬಾಯಾರ್ಕಂಡು ವಾಪಸ್ ಓಯ್ತಾಳೆ ಕಣವ್ವ," ಎಂದ ಚಿಕ್ಕಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ. ಸತ್ತವರು ಬರುವುದಿಲ್ಲ ಎಂದು ನಾನು ಯಾವ ವೇದಿಕೆಯಲ್ಲಾದರೂ ಸಾಧಿಸಬಲ್ಲೆ. ಕಾರಿನೊಳಗೆ ವೇದಿಕೆ ಇರಲಿಲ್ಲ.

ಪಾಂಡವಪುರದ ಆಲೆಮನೆಯಲ್ಲಿ ಹಿಂದಿನ ದಿನದ ಕಬ್ಬಿನ ಹಾಲು ಹುಳಿಬಂದು ಗುಳ್ಳೆ ಬಿಡುತ್ತಿತ್ತು. ಚಿಕ್ಕಪ್ಪ ಚೊಂಬನ್ನು ನನ್ನ ಮೂಗಿಗೇ ಹಿಡಿದ. ಅದೂ ಅಲ್ಲ. ಕೆ.ಆರ್. ಪೇಟೆ ಕಡೆಯ ಡಿಸ್ಟಿಲರಿಯೊಂದರ ಗೇಟಿನಲ್ಲಂತೂ ಗಾಳಿಗೇ ಮತ್ತೇರಿದಂತಿತ್ತು. ಕಾವಲಿನವನು ನಮ್ಮ ಕತೆಯನ್ನೆಲ್ಲ ಕೇಳಿ ಕೈಮುಗಿದ. "ಯಜಮಾನ್ರೇ, ಇಲ್ಲಿ ತಯಾರಾಗೋದು ಬರೀ ಇಸ್ಪಿರಿಟ್ಟು. ಇದು ನಿಮ್ಮವ್ವನ್ನ ಇಲ್ಲಿಗೆ ಕರ್ಸಾಕಿಲ್ಲ, ನಿಮ್ಮನ್ನೇ ಅಲ್ಲಿಗೆ ಕಳಿಸ್ತದೆ."

ಪೇಟೆಯ ನೆಂಟರ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ನಾಗಮಂಗಲದ ಹೊಣಕೆರೆ ಕಡೆ ಹೋದೆವು. ಅಂದೇ ಸಂಜೆ ಎಡೆ. ಅಲ್ಲಿ ತೆಂಗಿನ ತೋಟದ ಬದಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಪರ್ಮಿಟ್ಟಿನ ನೀರಾ ಮಾರುತ್ತಿದ್ದರು. ಮರದಿಂದ ಇಳಿಸಿದ ತಕ್ಷಣ ಐಸಿನಲ್ಲಿಟ್ಟರೆ ಅದು ಎಳನೀರಿಗಿಂತ ಸಿಹಿಯಾದ ನೀರಾ. ಐಸಿಲ್ಲದಿದ್ದರೆ ಯಾರೂ ಏನೂ ಮಾಡಬೇಕಿಲ್ಲ. ಬಿಸಿಲೇರುತ್ತಿದ್ದಂತೆ ತಾನೇ ಹೆಂಡವಾಗುತ್ತದೆ.

"ನಮಗೆ ಐಸು ಬ್ಯಾಡ ಕಣಕ್ಕ," ಎಂದ ಚಿಕ್ಕಪ್ಪ.

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಐಸಿಲ್ದಿದ್ರೆ ಮದ್ಯಾನಕ್ಕೆ ಏನಾಯ್ತದೆ ಗೊತ್ತಲ್ಲ?"

"ಗೊತ್ತಿರೋದ್ಕೇ ಕೇಳ್ತಾವ್ನಿ."

"ನಾ ಕೊಟ್ಟಿದ್ದು ನೀರಾ. ಆಮೇಲಿಂದು ಬಿಸಿಲಿಗುಂಟು, ನಿಮಗುಂಟು."

ಚೆಲ್ಲದಿರಲಿ ಎಂದು ಚಿಕ್ಕಪ್ಪ ನೀರಾ ಬಾಟಲಿಯ ಮುಚ್ಚಳವನ್ನು ಬಲವಾಗಿ ತಿರುಗಿಸಿ, ಅದನ್ನು ಕಾರಿನ ಮುಂದಿನ ಗಾಜಿನ ಬಳಿ ಬಿಸಿಲಿಗೆ ಇಟ್ಟ. ಹುದುಗು ಬರುವುದನ್ನು ಬಿಗಿಯಾಗಿ ಮುಚ್ಚಬಾರದು ಎಂಬುದು ದೋಸೆಹಿಟ್ಟು ಇಡುವ ಯಾರಿಗಾದರೂ ಗೊತ್ತು. ವೈನು ತಿರಸ್ಕರಿಸಿದ ಪಂಡಿತನಿಗೂ ಚರ್ಚಾಪಟುವಿಗೂ ಹೊಳೆಯಲಿಲ್ಲ. ಊರು ಇನ್ನೇನು ಬಂತು ಎನ್ನುವಾಗ ಠಪ್ಪೆಂದು ಮುಚ್ಚಳ ಸಿಡಿದು ಚಿಕ್ಕಪ್ಪನ ಹಣೆಗೆ ಬಡಿಯಿತು. ನೊರೆ ನನ್ನ ಮುಖ, ಮಡಿಲು, ಎಲ್ಲ ಕಡೆ. "ಅಯ್ಯೋ ಅವ್ವಾ!" ಎಂದು ಅವನು ಬ್ರೇಕು ಹಾಕಿದ.

ನಾನು ಮುಖ ಒರೆಸಿಕೊಳ್ಳಲಿಲ್ಲ. ಆ ವಾಸನೆಗೆ ಕಣ್ಮುಂದೆ ಬಂದದ್ದು ಸಂಜೆಗತ್ತಲು, ಗೋಡೆಗೊರಗಿ ಕಾಲು ಚಾಚಿ ಕೂತ ಅಜ್ಜಿ, "ಕಷಾಯ" ಎಂದು ಅವಳು ಹೇಳುತ್ತಿದ್ದ ಹಿತ್ತಾಳೆ ಲೋಟ, ನಾನು ಮುಖ ಹುದುಗಿಸುತ್ತಿದ್ದ ಅವಳ ಸೆರಗು. ಇಷ್ಟು ವರ್ಷ ಅದನ್ನು ಅಜ್ಜಿಯದೇ ವಾಸನೆ ಎಂದುಕೊಂಡಿದ್ದೆ. ಮೈಗೆ ಒಂದು ವಾಸನೆ ಇರುತ್ತದಲ್ಲ, ಹಾಗೆ. ವೇದಿಕೆಯ ಮೇಲೆ ನಾನು ತೊಟ್ಟೂ ಮುಟ್ಟಿಸದೆ ನಿಲ್ಲಿಸಿದ್ದವಳನ್ನು ನನ್ನ ಮೂಗು ಮೊದಲಿನಿಂದಲೂ ಸರಿಯಾಗಿ ಬಲ್ಲುದಾಗಿತ್ತು.

"ಇದೇ," ಎಂದೆ.

ಚಿಕ್ಕಪ್ಪ ಹಣೆ ಉಜ್ಜಿಕೊಳ್ಳುತ್ತ ನಕ್ಕ. "ನಿನ್ನ ಯಾಕೆ ಕರ್ಕಬಂದೆ ಅಂದ್ಕಂಡಿದ್ದೆ? ಅವಳ ಮಗ್ಗುಲಲ್ಲಿ ಮನಗಿದ್ದೋಳು ನೀನು. ನಾನು ವಿಸ್ಕಿ ಕುಡ್ದು ಕುಡ್ದು ಮೂಗು ಕೆಡಿಸ್ಕಂಡಿವ್ನಿ."

ಬಾಟಲಿಯಲ್ಲಿ ಉಳಿದಿದ್ದು ಒಂದು ಲೋಟಕ್ಕೆ ಸಾಕಾಯಿತು. ಸಂಜೆ ಅಜ್ಜಿಯ ಎಲೆಯ ಬಳಿ ಅವಳ ಹಿತ್ತಾಳೆಯ ಲೋಟಕ್ಕೆ ನಾನೇ ಹೊಯ್ದೆ, ನೊರೆ ಕಂಠದವರೆಗೆ ಬಂತು. ಬಾಗಿಲು ಹಾಕಿ ಎಲ್ಲರೂ ಜಗಲಿಯಲ್ಲಿ ಕೂತೆವು. ತೆಗೆದಾಗ ಚಿಕ್ಕಪ್ಪ ಮೊದಲು ಹೋಗಿ ಲೋಟದೊಳಗೆ ಬಗ್ಗಿ ನೋಡಿದ. ಮಟ್ಟ ಇಳಿದಿತ್ತು.

"ಕುಡುದವ್ಳೆ ಕಣವ್ವ!" ಅವನ ಕಣ್ಣು ತುಂಬಿತ್ತು.

ನೊರೆ ಕೂತರೆ ಮಟ್ಟ ಇಳಿಯುತ್ತದೆ. ವಾದ ನಾಲಿಗೆಯ ತುದಿಯಲ್ಲೇ ಇತ್ತು.

"ಹೂಂ, ಕುಡಿದವ್ಳೆ," ಎಂದೆ.

"ಯಾಕೇ, ನಿನಗೆ ಬೇಡ್ವಾ?" ರೂಮಿನ ಗೆಳತಿ ಮಂಚದ ಬಳಿ ಬಂದು ಸೈಡರ್ ಲೋಟ ಚಾಚಿದಳು. "ಭಾಷಣ ಮಾಡಬೇಡ ಮತ್ತೆ."

ಮಾಡಲಿಲ್ಲ. ಲೋಟವನ್ನು ಇಸಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟೆ. ನೊರೆ ಇಳಿಯುವವರೆಗೆ ಅದನ್ನು ಯಾರೂ ಮುಟ್ಟಬೇಡಿ ಎಂದೆ.